ಮರಣದ ದಿನವಿಲ್ಲದ ವೀರಗಲ್ಲು

ಶಾಸನಗಳ ಕಾಲನಿರ್ಣಯವನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವನು ಬರೆಯುತ್ತಿರುವ ಈ ಕಥನದಲ್ಲಿ ಒಂದೇ ಒಂದು ದಿನಾಂಕವೂ ಇಲ್ಲ. ಅದಕ್ಕೆ ಕಾರಣ ಮರೆವಲ್ಲ, ಅಸಡ್ಡೆಯೂ ಅಲ್ಲ. ಓದುತ್ತ ಹೋದವರಿಗೆ ತಾನಾಗಿ ತಿಳಿಯುತ್ತದೆ. ದಿನಾಂಕಗಳೆಲ್ಲವೂ ಹಾವೇರಿಯ ನನ್ನ ಮನೆಯ ಕಪಾಟಿನಲ್ಲಿ, ಪ್ರತಿಯೊಂದೂ ತನ್ನ ಆಧಾರಗಳೊಡನೆ, ಭದ್ರವಾಗಿವೆ.

ಹಲಗೇರಿಯಿಂದ ಸ್ಮಾರಕ ಸಮಿತಿಯವರು ನಮ್ಮ ಮನೆಗೆ ಬಂದದ್ದು ಬೇಸಿಗೆಯ ಒಂದು ಮುಂಜಾನೆ. ಅಧ್ಯಕ್ಷರು ಆ ಊರಿನ ಹಿರಿಯ ರೈತರು. ಎಲ್ಲರೂ ಅವರನ್ನು ಗೌಡರೆಂದೇ ಕರೆಯುತ್ತಿದ್ದರು. ನಾನು ಯಾವ ಬಗೆಯ ಡಾಕ್ಟರ್ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೊದಲು ತಮ್ಮ ಮೊಣಕಾಲು ನೋವಿನ ಸಂಗತಿಯನ್ನು ವಿಸ್ತಾರವಾಗಿ ಹೇಳಿ, ನನ್ನಿಂದ ಔಷಧವೇನೂ ಬಾರದ್ದನ್ನು ಕಂಡು, ಆಮೇಲೆ ವಿಷಯಕ್ಕೆ ಬಂದರು.

“ಡಾಕ್ಟರ್ರ, ನಮ್ಮೂರ ಕುಲಕರ್ಣಿಯವರ ಮನಿ ಹುಡುಗ ಒಬ್ಬಾಂವ ಇಂಗ್ಲೀಷರ ಕಾಲದ ಲಡಾಯಿದಾಗ ಸತ್ತಾನ್ರಿ. ಬರ್ಮಾದಾಗ. ಬಾಂಬ್ ಹಾಕೂ ವಿಮಾನದಾಗ ದಾರಿ ತೋರಸೂ ಕೆಲಸ ಅವಂದು. ಊರ ಮುಂದ ಹಳೇ ವೀರಗಲ್ಲು ಅದಾವಲ್ರಿ, ಆ ಸಾಲಿನ್ಯಾಗ ಇವಂದೊಂದು ಹೊಸಾದು ನಿಲ್ಲಸಬೇಕಂತ ಮಾಡೇವಿ.”

ನನಗೆ ಮೈಯೆಲ್ಲ ಚುರುಕಾಯಿತು. ವೀರಗಲ್ಲುಗಳನ್ನು ಓದುತ್ತಲೇ ಮುದುಕನಾದವನು ನಾನು. ಹೊಸದೊಂದನ್ನು ಬರೆಯುವ ಯೋಗ ಯಾವ ಶಾಸನತಜ್ಞನಿಗೆ ಬರುತ್ತದೆ? ಅಷ್ಟರಲ್ಲಿ ಗೌಡರು ಮಾತು ಮುಂದುವರಿಸಿದರು.

“ಕಲ್ಲಿನ ಬರವಣಿಗಿ, ಅವನ ಮ್ಯಾಲೊಂದು ಸಣ್ಣ ಪುಸ್ತಕ, ಎಲ್ಲಾ ರಾಣೇಬೆನ್ನೂರಿನ ಸರ್ ಮಾಡಿ ಮುಗಿಸ್ಯಾರ್ರಿ. ನೀವು ಬರೇ ತಾರೀಕು ನೋಡಿ ಕೊಟ್ರ ಸಾಕು.”

ಆ ‘ಬರೇ’ ಎಂಬ ಮಾತು ಅನೇಕ ದಿನ ನನ್ನ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು.

ರಾಣೇಬೆನ್ನೂರಿನ ಸರ್ ಎಂದರೆ ನಿವೃತ್ತ ಗಣಿತ ಪ್ರಾಧ್ಯಾಪಕರು. ನನ್ನ ವಯಸ್ಸಿನವರೇ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು, ಈ ಮೂರು ಊರಿನ ಯಾವ ಸಭೆಯಾದರೂ ನಡುವಿನ ಕುರ್ಚಿ ಅವರದು. ಗಳಗನಾಥದ ಶಾಸನಗಳನ್ನು ಕುರಿತ ನನ್ನ ಪುಸ್ತಕ ಬಿಡುಗಡೆಯಾದಾಗ ಸಭೆ ತುಂಬಿತ್ತು, ನಿಜ. ಬಂದವರು ಅವರ ಭಾಷಣ ಕೇಳಲು ಬಂದಿದ್ದರು. ಅದು ಮುಗಿದ ಕೂಡಲೇ ಕುರ್ಚಿಗಳು ಖಾಲಿಯಾದವು, ಲೇಖಕನ ಮಾತು ಇನ್ನೂ ಬಾಕಿ ಇತ್ತು.

ಅವರ ಹಸ್ತಪ್ರತಿಯನ್ನು ನಾನು ಕೆಂಪು ಪೆನ್ಸಿಲ್ ಹಿಡಿದು ಓದತೊಡಗಿದೆ. ತಪ್ಪು ಸಿಗಲೆಂಬ ಆಸೆಯಿಂದಲೇ ಓದಿದೆ ಎಂದು ಹೇಳಲು ಸಂಕೋಚವಿಲ್ಲ. ಆ ಆಸೆಯಿಲ್ಲದವನು ಪರಿಶೀಲನೆಯ ಕೆಲಸಕ್ಕೆ ಕೈ ಹಾಕಬಾರದು.

ಹುಡುಗ ಹುಟ್ಟಿದ್ದು ಹಲಗೇರಿಯಲ್ಲಿ. ಮನೆಯಲ್ಲಿ ತಂದೆ, ತಾಯಿ, ಒಬ್ಬಳೇ ತಂಗಿ. ಶಾಲೆ ರಾಣೇಬೆನ್ನೂರಿನಲ್ಲಿ, ಕಾಲೇಜು ಧಾರವಾಡದಲ್ಲಿ, ಓದಿದ್ದು ಗಣಿತ. ಯುದ್ಧ ಶುರುವಾದ ಮೇಲೆ ವಾಯುಪಡೆ ಸೇರಿದ. ವಿಮಾನ ಓಡಿಸುವವನಾಗಬೇಕೆಂಬ ಆಸೆಯಿತ್ತು, ಕಣ್ಣು ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ನ್ಯಾವಿಗೇಟರ್ ಆದ. ಇಬ್ಬರೇ ಕೂರುವ ಬಾಂಬರ್ ವಿಮಾನದಲ್ಲಿ ಮುಂದೆ ಪೈಲಟ್, ಹಿಂದೆ ಇವನು. ಮೊಣಕಾಲ ಮೇಲೆ ನಕ್ಷೆ, ಕೈಯಲ್ಲಿ ಪೆನ್ಸಿಲ್.

ಶಾಲೆಗೆ ಸೇರಿದ ದಿನ, ಕಾಲೇಜು ಬಿಟ್ಟ ದಿನ, ತರಬೇತಿ ಮುಗಿದ ದಿನ, ಎಲ್ಲವನ್ನೂ ನಾನು ಬೇರೆ ಬೇರೆ ಮೂಲಗಳಿಂದ ತಾಳೆ ನೋಡಿದೆ. ಎಲ್ಲವೂ ಸರಿಯಾಗಿದ್ದವು. ಒಂದೊಂದು ದಿನಾಂಕ ಸರಿಹೊಂದಿದಾಗಲೂ ನನಗೆ ಆಗುತ್ತಿದ್ದದ್ದು ನಿರಾಸೆ. ಕೆಂಪು ಪೆನ್ಸಿಲ್ಲಿನ ಮೊನೆ ಮೊದಲಿನಂತೆಯೇ ಚೂಪಾಗಿ ಉಳಿಯಿತು.

ನ್ಯಾವಿಗೇಟರ್ ಮಾಡುವ ಲೆಕ್ಕ ನನಗೆ ಅರ್ಥವಾಗಿರಲಿಲ್ಲ. ಅರ್ಥವಾಗದ್ದನ್ನು ಪರಿಶೀಲಿಸಲಾಗದೆಂದು ಒಂದು ದಿನ ರಾಣೇಬೆನ್ನೂರಿಗೆ ಹೋಗಿ ಅವರನ್ನೇ ಕೇಳಿದೆ. ಸಮಿತಿಯವರೂ ಕಲ್ಲು ಕೆತ್ತುವ ಶಿಲ್ಪಿಯೂ ಅಲ್ಲಿಯೇ ಇದ್ದರು.

“ವಿಮಾನದ ಮೂತಿ ಒಂದು ಕಡೆ ಇರ್ತೈತಿ, ಗಾಳಿ ಅದನ್ನ ಮತ್ತೊಂದು ಕಡೆ ದೂಡ್ತೈತಿ” ಎಂದರು ಪ್ರಾಧ್ಯಾಪಕರು. “ನಿಮಗ ಗಳಗನಾಥ ಗೊತ್ತಲ್ಲ ಡಾಕ್ಟರ್ರ. ಹರಗೋಲು ಹಾಕಾಂವ ನೆಟ್ಟಗ ಎದುರು ದಂಡಿಗೆ ಹೋಗಬೇಕಾದ್ರ ಏನ್ ಮಾಡ್ತಾನ? ಹೊಳಿ ಎಷ್ಟು ಎಳೀತೈತಿ ಅಂತ ಮೊದಲ ಅಂದಾಜ ಮಾಡಿ, ಅಷ್ಟು ಮ್ಯಾಲಕ್ಕ ಹುಟ್ಟು ಹಾಕ್ತಾನ. ಇವಂದೂ ಅಷ್ಟ ಕೆಲಸ. ನೀರಿಲ್ಲ, ದಂಡಿ ಕಾಣಂಗಿಲ್ಲ, ಅಷ್ಟ ಫರಕು.”

ಎಲ್ಲರೂ ತಲೆದೂಗಿದರು. ಗಳಗನಾಥದಲ್ಲಿ ಎಷ್ಟೋ ವರ್ಷ ಶಾಸನದ ಅಚ್ಚು ತೆಗೆಯುತ್ತ ಹೊಳೆಯ ದಂಡೆಯಲ್ಲಿ ನಿಂತವನು ನಾನು. ಹರಗೋಲು ಓರೆಯಾಗಿ ಹೊರಟು ನೆಟ್ಟಗೆ ಮುಟ್ಟುವುದನ್ನು ನಾನೂ ಕಂಡಿದ್ದೆ. ಕಂಡದ್ದು ನಾನು, ಉಪಯೋಗಕ್ಕೆ ಬಂದದ್ದು ಅವರಿಗೆ.

ಶಿಲ್ಪಿಗೆ ಬೇರೆಯದೇ ಚಿಂತೆ. “ಕೈಯಾಗ ಏನ್ ಕೊಡ್ಲಿ ಹೇಳ್ರಿ ಮೊದಲ. ಕತ್ತಿ ಇಲ್ಲ, ಬಿಲ್ಲಿಲ್ಲ.”

“ಪೆನ್ಸಿಲ್ ಕೊಡ್ರಿ” ಎಂದೆ ನಾನು.

ಗೌಡರು ಬೆಚ್ಚಿಬಿದ್ದರು. “ಪೆನ್ಸಿಲ್ ಹಿಡಿಸಿದ್ರ ಮಂದಿ ವೀರ ಅನ್ನಂಗಿಲ್ರಿ, ತಲಾಟಿ ಅಂತಾರ! ಹೊಲ ಅಳಿಯಾಕ ಬಂದಾನಂತ ಕೈ ಮುಗೀತಾರ.”

ನಗೆಯ ನಡುವೆ ಪ್ರಾಧ್ಯಾಪಕರು ದಿಕ್ಸೂಚಿ ಹಿಡಿಸೋಣ ಎಂದರು, ಅದೇ ತೀರ್ಮಾನವಾಯಿತು. ಅದೂ ಅವರದೇ.

ಉಳಿದದ್ದು ಮರಣದ ದಿನಾಂಕ. ಹಸ್ತಪ್ರತಿಯಲ್ಲಿದ್ದದ್ದು ಊರಿಗೆ ತಂತಿ ಬಂದ ದಿನ. ಅದನ್ನೇ ಸತ್ತ ದಿನವೆಂದು ಬರೆದಿದ್ದರು. ಮನೆಯವರು ಶ್ರಾದ್ಧ ಮಾಡುತ್ತ ಬಂದದ್ದೂ ಅಂದಿನ ತಿಥಿಯಲ್ಲೇ. ದೂರದೇಶದಲ್ಲಿ ಸತ್ತವನ ದಿನ ತಿಳಿಯದಿದ್ದರೆ ಸುದ್ದಿ ಕೇಳಿದ ದಿನವನ್ನೇ ಹಿಡಿಯುವುದು ಸಂಪ್ರದಾಯ. ಆದರೆ ಸಂಪ್ರದಾಯ ಬೇರೆ, ಚರಿತ್ರೆ ಬೇರೆ. ಬರ್ಮಾದಿಂದ ಹಲಗೇರಿಗೆ ಸುದ್ದಿ ಸತ್ತ ದಿನವೇ ಬಂದಿರಲು ಸಾಧ್ಯವೇ? ಇಷ್ಟು ಸರಳ ಪ್ರಶ್ನೆಯನ್ನು ಗಣಿತದವರು ಕೇಳಿಕೊಂಡಿರಲಿಲ್ಲ. ಬಹಳ ದಿನಗಳ ಮೇಲೆ ನನಗೆ ಊಟ ರುಚಿಸಿತು.

ಯುದ್ಧಸ್ಮಾರಕದ ಹೆಸರುಪಟ್ಟಿಯಲ್ಲಿ ಬೇರೆ ದಿನಾಂಕವಿತ್ತು. ಆದರೆ ಒಂದೇ ಸಾಕ್ಷಿಯನ್ನು ನಂಬುವುದು ನನ್ನ ಅಭ್ಯಾಸವಲ್ಲ. ಹೊರದೇಶದ ದಾಖಲಾಲಯಕ್ಕೆ ಬರೆದು ಅವನಿದ್ದ ವಾಯುದಳದ ದಿನವಹಿ ದಾಖಲೆಯ ಚಿತ್ರಗಳನ್ನು ತರಿಸಿದೆ. ಅಲ್ಲಿಯೂ ಪಟ್ಟಿಯಲ್ಲಿದ್ದ ದಿನವೇ ಇತ್ತು. ಪಟ್ಟಿಯನ್ನು ಇದೇ ದಾಖಲೆಯಿಂದ ನಕಲು ಮಾಡಿದ್ದರೆ? ಆಗ ಎರಡೂ ಸೇರಿ ಒಂದೇ ಸಾಕ್ಷಿ. ಹಾಗಾಗಿ ಅದೇ ನೆಲೆಯಿಂದ ಹಾರುತ್ತಿದ್ದ ಇನ್ನೊಂದು ದಳದ ದಾಖಲೆಯನ್ನೂ ತರಿಸಿದೆ. ಬಾಂಬ್ ಹಾಕಿ ಮರಳುವಾಗ ಗುಡ್ಡಗಳ ಮೇಲೆ ಅಕಾಲದ ಮೋಡ ಕವಿದದ್ದು, ನೆರೆಯ ದಳದ, ಅಂದರೆ ಇವನ ದಳದ, ಒಂದು ವಿಮಾನ ಹಿಂದಿರುಗದೇ ಹೋದದ್ದು, ಅದನ್ನು ಹುಡುಕಲು ಹೋದವರು ಬರಿಗೈಯಲ್ಲಿ ಬಂದದ್ದು, ಎಲ್ಲವೂ ಅದೇ ದಿನದ ಕೆಳಗಿತ್ತು. ಯುದ್ಧಕಾಲದಲ್ಲಿ ಗಡಿಯಾರಗಳನ್ನು ಮುಂದೆ ಮಾಡಿದ್ದರಿಂದ ದಿನ ಬದಲಾಗುತ್ತದೆಯೇ ಎಂಬುದನ್ನೂ ನೋಡಿದೆ. ಇಲ್ಲ, ವಿಮಾನ ಬಿದ್ದದ್ದು ಹಗಲಿನಲ್ಲಿ.

ಪ್ರಾಧ್ಯಾಪಕರು ತಪ್ಪು. ಕೆಂಪು ಪೆನ್ಸಿಲ್ಲಿನಿಂದ ಆ ಸಾಲಿನ ಕೆಳಗೆ ಗೆರೆ ಎಳೆದೆ. ಅಷ್ಟು ನೆಟ್ಟನೆಯ ಗೆರೆಯನ್ನು ನಾನು ಬಹುಕಾಲದಿಂದ ಎಳೆದಿರಲಿಲ್ಲ. ಮುಂದಿನ ಸಭೆಯಲ್ಲಿ ಎಲ್ಲರೆದುರು, ವಿನಯದಿಂದ, ಮೂರು ಸಾಕ್ಷಿಗಳನ್ನು ಒಂದಾದ ಮೇಲೊಂದು ಮೇಜಿನ ಮೇಲೆ ಇಡುವುದೆಂದು ನಿಶ್ಚಯಿಸಿದೆ.

ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇತ್ತು. ತಂತಿ ಬಂದ ದಿನವಾದರೂ ಸರಿಯೇ ಎಂದು ತಿಳಿಯಬೇಕಿತ್ತು. ಅದನ್ನು ಬಲ್ಲವರು ಉಳಿದಿದ್ದದ್ದು ಒಬ್ಬರೇ, ಅವನ ತಂಗಿ. ತೊಂಬತ್ತು ದಾಟಿ ಎಷ್ಟೋ ವರ್ಷವಾಗಿದ್ದ ಆಕೆ ಬ್ಯಾಡಗಿಯಲ್ಲಿ ಮಗ ಸೊಸೆಯರೊಡನೆ ಇದ್ದರು. ಮಗ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ದುಡಿದು ನಿವೃತ್ತರಾದವರು. ಪೇಟೆಯ ಘಾಟಿಗೆ ಸೀನುತ್ತಲೇ ಅವರ ಮನೆ ಮುಟ್ಟಿದೆ.

“ಹೊರಗಿನವರು ಅಂತ ಬ್ಯಾಡಗಿಗೆ ಮೊದಲ ಗೊತ್ತಾಗ್ತದ” ಎಂದು ಒಳಗಿನಿಂದಲೇ ನಕ್ಕರು ಅಜ್ಜಿ. “ಬರ್ರಿ, ಕುಂದರ್ರಿ. ಸೀನೂದು ಮುಗೀಲಿ, ಆಮ್ಯಾಲೆ ಮಾತಾಡೋಣಂತ.”

ತಂತಿ ಯಾವಾಗ ಬಂತೆಂದು ಕೇಳಿದೆ.

“ನನ್ನ ಮದುವಿಯಾಗಿ ಕೈಯಾಗಿನ ಅರಿಶಿಣ ಇನ್ನೂ ಹೋಗಿದ್ದಿಲ್ಲ. ಅಪ್ಪ ಒಬ್ಬರ ಓದಿದ್ರು, ಓದಿ ಒಲಿಗೆ ಹಾಕಿದ್ರು. ‘ಮಗ ಹೋದ’ ಅಂದ್ರು, ಅಷ್ಟ.”

“ಮದುವೆ ಯಾವ ತಿಥಿ, ನೆನಪಿದೆಯೇ?”

“ಏನ್ ಕೇಳ್ತೀರಿ! ಹೆಂಗಸಿಗೆ ಮರೀತದೇನು?” ಎಂದು ತಿಥಿ, ವಾರ, ನಕ್ಷತ್ರ ಮೂರನ್ನೂ ಹೇಳಿದರು. ನಾನು ತಂದಿದ್ದ ಹಳೆಯ ಪಂಚಾಂಗದ ಪ್ರತಿಯಲ್ಲಿ ಮೂರೂ ಒಂದೇ ದಿನಕ್ಕೆ ಬಂದು ಕೂಡಿದವು. ಕೂಡಿದ ದಿನವನ್ನು ಎರಡನೆಯ ಸಲ ನೋಡಿದೆ. ವಿಮಾನ ಬಿದ್ದದ್ದು ಅದಕ್ಕಿಂತ ಮುಂಚೆ. ಹಲಗೇರಿಯಲ್ಲಿ ಚಪ್ಪರ ಹಾಕುವ ಹೊತ್ತಿಗೇ ಅಣ್ಣ ಸತ್ತಿದ್ದ.

ಅಜ್ಜಿ ತಮ್ಮ ಪಾಡಿಗೆ ಮಾತಾಡುತ್ತಿದ್ದರು. “ನಮ್ಮ ಮದುವಿಯೊಳಗ ಹುಡುಗಿಯ ಕೈಯಾಗ ಅಣ್ಣನಾದಾಂವ ಅರಳು ಹಾಕಬೇಕು, ಆ ಅರಳು ಬೆಂಕಿಗೆ ಹಾಕಬೇಕು. ‘ಬಂದೇ ಬರ್ತೀನಿ, ನಾನ ಹಾಕ್ತೀನಿ’ ಅಂತ ಮಾತು ಕೊಟ್ಟು ಹೋಗಿದ್ದ. ಬರಲೇ ಇಲ್ಲ. ರಜಾ ಕೊಡ್ಲಿಲ್ಲ ಅಂದ್ರು ಎಲ್ಲಾರೂ. ನಾ ಕೈಯೇ ಚಾಚವಲ್ಲೆ! ಮುಹೂರ್ತ ಮೀರ್ತದ ಅಂತ ಭಟ್ಟರು ಒದರಾಡಿದ್ರು. ಕಡೀಕ ದೂರದ ಅಣ್ಣ ಒಬ್ಬ ಹಾಕಿದ. ನಾ ಅವನ ಮುಖಾನೂ ನೋಡ್ಲಿಲ್ಲ. ಅವ್ವ ಬ್ಯಾರೆ, ಸಾಯೂತನಕ ಅಣ್ಣಂದ ಜಪ. ಇದ್ದ ಮಗಳು ಕಣ್ಣಿಗೆ ಬೀಳ್ತಿದ್ದಿಲ್ಲ ಆಕಿಗೆ. ಸತ್ತವರ ಜೋಡಿ ಯಾರು ಪೈಪೋಟಿ ಮಾಡೋರು ಹೇಳ್ರಿ?”

ಆ ಪ್ರಶ್ನೆಗೆ ಬದುಕಿರುವವರ ಜೊತೆಗಿನ ಪೈಪೋಟಿಯೂ ಸುಲಭವಲ್ಲವೆಂದು ಹೇಳಬೇಕೆನಿಸಿತು.

“ನಮ್ಮತ್ತಿ ಒಬ್ಬಾಕಿ. ‘ಸೂತಕದ ಮದುವಿ ಮಾಡಿಕೊಂಡು ಬಂದಾಕಿ’ ಅಂತ ಹಾಲು ಒಡೆದ್ರೂ ನನಗ, ಎಮ್ಮಿ ಗಬ್ಬ ನಿಲ್ಲದಿದ್ರೂ ನನಗ. ನಾನೂ ಬಿಡ್ತಿದ್ದಿಲ್ಲ. ‘ಮದುವಿ ದಿನ ನಮ್ಮಣ್ಣ ಇದ್ದ, ಆಮ್ಯಾಲೆ ಸತ್ತಾನ’ ಅಂತಿದ್ದೆ. ಜನ್ಮಾ ಪೂರ್ತಿ ಅದೊಂದ ಮಾತು ಹಿಡಕೊಂಡು ಬಾಳ್ವೆ ಮಾಡೀನ್ರಿ. ಕಲ್ಲಿನ ಮ್ಯಾಲೆ ದಿನ ಬರದ್ರ ಆತು, ಇನ್ನ ಯಾರೂ ಅನ್ನಂಗಿಲ್ಲ.”

ಮಗ ನನ್ನನ್ನು ಬೀದಿಯ ತನಕ ಕಳಿಸಲು ಬಂದರು. ನನ್ನ ಮುಖ ನೋಡಿ ಅವರಿಗೆ ಏನೋ ತಿಳಿದಿತ್ತು. “ನೋಡ್ರಿ, ಏನರೆ ಇದ್ರ ಅವ್ವನ ಮುಂದ ಆಡಬ್ಯಾಡ್ರಿ. ರಾಣೇಬೆನ್ನೂರಿನ ಸರ್ರೂ ಹಿಂಗ ತಿಥಿ ಕೇಳಿದ್ರು. ಹೇಳಿದ ಕೂಡ್ಲೆ ಪಂಚಾಂಗ ಮುಚ್ಚಿದ್ರು, ಚಹಾನೂ ಕುಡೀಲಾರ್ದ ಎದ್ದು ಹೋದ್ರು.”

ಹಾಗಾದರೆ ಅವರಿಗೆ ಗೊತ್ತಿತ್ತು. ನಾನು ಹಿಡಿದ ತಪ್ಪು ತಪ್ಪೇ ಆಗಿರಲಿಲ್ಲ. ನನಗಿಂತ ಮೊದಲೇ ಎಲ್ಲವನ್ನೂ ಕಂಡು, ಆಕೆಗಾಗಿ, ಬೇಕೆಂದೇ ತಪ್ಪು ಬರೆದಿದ್ದರು. ಬಸ್ಸಿನಲ್ಲಿ ಕೂತಾಗ ನನ್ನನ್ನು ಸುಟ್ಟದ್ದು ಅಜ್ಜಿಯ ದುಃಖವಲ್ಲ ಎಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಪ್ರಾಧ್ಯಾಪಕರ ಬುದ್ಧಿಯ ಮೇಲೆ ಮತ್ಸರಪಟ್ಟಿದ್ದೆ, ಮಾತಿನ ಮೇಲೆ ಮತ್ಸರಪಟ್ಟಿದ್ದೆ. ಈಗ ಅವರ ಕರುಣೆಯ ಮೇಲೂ ಪಡಬೇಕಾಯಿತು.

ಮನೆಗೆ ಹೋಗದೆ ನೇರವಾಗಿ ರಾಣೇಬೆನ್ನೂರಿಗೆ ಹೋದೆ. ಅವರು ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು.

“ನಿಮಗೆ ಗೊತ್ತಿತ್ತು” ಎಂದೆ.

“ಬ್ಯಾಡಗಿಗೆ ಹೋಗಿ ಬಂದ್ರಿ ಅನ್ರಿ.” ಅವರು ತಂಬಿಗೆ ಕೆಳಗಿಟ್ಟರು. “ಗೊತ್ತಿತ್ತು. ಈಗೇನು, ಸಭಾದಾಗ ನನ್ನ ಕಿವಿ ಹಿಂಡಾವ್ರಾ?”

“ಕಲ್ಲಿನ ಮೇಲೆ ಸುಳ್ಳು ಬರೆಯಲಾಗದು. ಕಾಗದ ಹರಿದುಹೋಗುತ್ತದೆ, ಕಲ್ಲು ಉಳಿಯುತ್ತದೆ. ನನ್ನಂಥವನೊಬ್ಬ ಮುಂದೆಯೂ ಬಂದು ಓದುತ್ತಾನೆ.”

“ಬರಲಿ ಬಿಡ್ರಿ, ಹಾವೇರಿಯಿಂದ ಇನ್ನೊಬ್ಬ. ಆವತ್ತು ಆಕಿ ಇರಂಗಿಲ್ಲ, ನಾನೂ ಇರಂಗಿಲ್ಲ. ಇವತ್ತು ಆಕಿ ಅದಾಳ.”

“ಸುದ್ದಿ ಕೇಳುವ ತನಕ ಸೂತಕವಿಲ್ಲವೆಂದು ಶಾಸ್ತ್ರವೇ ಹೇಳುತ್ತದೆ. ಮದುವೆಗೆ ದೋಷವಿಲ್ಲ.”

“ಅದನ್ನ ಆಕಿ ಅತ್ತಿಗೆ ಹೋಗಿ ಹೇಳ್ರಿ. ವಿಳಾಸ ನನ್ನ ಹತ್ರ ಇಲ್ಲ.”

ನಾನು ಅಲ್ಲಿಯೇ ಕೂತು ಯೋಚಿಸಿದೆ. ನಿಜ ಬರೆದರೆ ಆಕೆಯ ಜನ್ಮವೆಲ್ಲ ಹಿಡಿದ ಮಾತು ಸುಳ್ಳಾಗುತ್ತದೆ; ಸುಳ್ಳು ಬರೆದರೆ ನನ್ನ ಜನ್ಮವೆಲ್ಲ ಮಾಡಿದ ಕೆಲಸ ಸುಳ್ಳಾಗುತ್ತದೆ. ಆಗ ಹೊಳೆದದ್ದು ನನ್ನದೇ ವಿದ್ಯೆಯೊಳಗಿನ ಸಂಗತಿ. ಹಳೆಯ ವೀರಗಲ್ಲುಗಳಲ್ಲಿ ವೀರ ಸತ್ತ ದಿನ ಎಲ್ಲೆಡೆಯೂ ಇರುವುದಿಲ್ಲ. ಎಷ್ಟೋ ಕಡೆ ಇರುವುದು ಕಲ್ಲು ನಿಲ್ಲಿಸಿದ ದಿನ. ನಾವೇ ಅದನ್ನು ಸಾವಿನ ದಿನವೆಂದು ಓದಿ ಎಡವುತ್ತೇವೆ. ಇಂಥ ಊರಿನ, ಇಂಥವರ ಮಗ, ಬಾಂಬರ್ ವಿಮಾನದಲ್ಲಿ ದಾರಿ ತೋರುತ್ತ ಬರ್ಮಾ ಯುದ್ಧದಲ್ಲಿ ವೀರಮರಣ ಹೊಂದಿದನು. ಊರವರು ಈ ದಿನ ಕಲ್ಲು ನಿಲ್ಲಿಸಿದರು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಪ್ರಾಧ್ಯಾಪಕರು ಎರಡು ಸಲ ಕೇಳಿ ತಿಳಿದುಕೊಂಡರು. “ಇದು ನನಗ ಹೊಳೀಲಿಲ್ಲ ನೋಡ್ರಿ” ಎಂದರು. ಆ ಮಾತಿಗೆ ನನಗಾದ ಸಂತೋಷವು ಸಂದರ್ಭಕ್ಕೆ ತಕ್ಕದ್ದಾಗಿರಲಿಲ್ಲ. ಹಸ್ತಪ್ರತಿಯಿಂದ ಅವರು ತಮ್ಮ ಸಾಲನ್ನು ಅಲ್ಲಿಯೇ ಹೊಡೆದುಹಾಕಿದರು, ನನ್ನ ಕೆಂಪು ಗೆರೆಯ ಸಹಿತ.

ಕೆತ್ತುವ ಮುನ್ನ ಅಜ್ಜಿಗೆ ಕಲ್ಲಿನ ಬರಹದ ಪಾಠ ತೋರಿಸಬೇಕಿತ್ತು. “ನೀವ ಹೋಗ್ರಿ” ಎಂದರು ಪ್ರಾಧ್ಯಾಪಕರು. “ನನಗ ಆ ಮನಿ ಮೆಟ್ಟಲ ಹತ್ತಾಕ ಧೈರ್ಯ ಸಾಲಂಗಿಲ್ಲ.” ಅವರಲ್ಲಿಲ್ಲದ್ದು ಒಂದಾದರೂ ನನ್ನಲ್ಲಿದೆ ಎಂಬ ಹೆಮ್ಮೆಯಿಂದಲೇ ಬ್ಯಾಡಗಿಗೆ ಹೋದೆ.

ಸೊಸೆ ಪಾಠವನ್ನು ಓದಿ ಹೇಳಿದರು. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, “ಇನ್ನೊಮ್ಮೆ ಓದವಾ” ಎಂದರು. ಎರಡನೆಯ ಸಲ ಮುಗಿದಾಗ ಕಣ್ಣು ತೆರೆದರು.

“ಇದರಾಗ ಅಣ್ಣ ಸತ್ತ ದಿನ ಇಲ್ಲಲ್ರಿ?”

ಹಳೆಯ ಕಲ್ಲುಗಳಲ್ಲಿಯೂ ಇರುವುದಿಲ್ಲವೆಂದು ಹೇಳತೊಡಗಿದೆ. ಆಕೆ ಕೈ ಎತ್ತಿ ತಡೆದರು. “ಅದು ಹಳೇ ಮಂದಿಗೆ. ನಿಮಗ ದಿನ ಗೊತ್ತದನೋ ಇಲ್ಲೋ?”

ಗೊತ್ತಿಲ್ಲವೆಂದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಮಗ ಬಾಗಿಲಲ್ಲಿ ನಿಂತು ಕಣ್ಣಿನಿಂದಲೇ ಬೇಡಿಕೊಳ್ಳುತ್ತಿದ್ದರು. ಆದರೆ ಮೂರು ಸಾಕ್ಷಿಗಳಿಂದ ಸಾಧಿಸಿದ ದಿನವನ್ನು ಗೊತ್ತಿಲ್ಲವೆನ್ನಲು ನನಗೆ ನಾಲಿಗೆ ಏಳಲಿಲ್ಲ.

“ಗೊತ್ತಿದೆ.”

“ನನ್ನ ಮದುವಿಗಿಂತ ಮೊದಲೋ, ಆಮ್ಯಾಲೋ?”

“ಮೊದಲು, ತಾಯಿ.”

“ಡಾಕ್ಟರ್ರ!” ಎಂದು ಮಗ ಒಳಗೆ ಬಂದರು. “ನಿಮಗ ಮೊದಲ ಹೇಳಿದ್ದೆನಲ್ಲ?” ಸೊಸೆ ಪಾಠದ ಹಾಳೆಯನ್ನು ಕೆಳಗಿಟ್ಟು ಅತ್ತೆಯ ಬೆನ್ನ ಮೇಲೆ ಕೈ ಇಟ್ಟರು.

ಅಜ್ಜಿ ಇಬ್ಬರನ್ನೂ ನೋಡಲಿಲ್ಲ. ಎರಡೂ ಕೈ ಕೂಡಿಸಿ ತಮ್ಮ ಬೊಗಸೆಯನ್ನೇ ನೋಡಿಕೊಂಡರು. “ಅದಕ್ಕ ಅಪ್ಪ ತಂತಿ ಒಲಿಗೆ ಹಾಕಿದ್ರು, ಅದರಾಗಿನ ದಿನ ಯಾರಿಗೂ ಕಾಣಬಾರದಂತ” ಎಂದರು. ಆಮೇಲೆ ಮಗನಿಗೆ, “ಯಾಕ ಒದರ್ತೀ? ಸುಮ್ಮನ ಕೂಡು” ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ನಾನು ಹೆದರಿದ್ದು ಯಾವುದೂ ಇರಲಿಲ್ಲ.

“ಹಂಗಿದ್ರ ಅಂವಾ ಮದುವಿಗೆ ಬಂದಿದ್ದ” ಎಂದರು. “ಜೀವ ಇದ್ದವಗ ರಜಾ ಬೇಕು, ರೈಲು ಬೇಕು. ಹೋದವಗ ಯಾರ ಅಪ್ಪಣಿ ಬೇಕ್ರಿ? ಬಂದೇ ಬಂದಿರ್ತಾನ. ಮಾತು ಕೊಟ್ಟಿದ್ದ. ನಾನ ಹುಚ್ಚಿ, ಅವನ ಎದುರಿಗೇ ಕೈ ಚಾಚವಲ್ಲೆ ಅಂತ ಹಟಾ ಮಾಡಿದೆ.”

ಆಮೇಲೆ ಸೊಸೆಗೆ ಚಹಾ ಮಾಡಲು ಹೇಳಿದರು. ನಾನು ಹೊರಡುವಾಗ ಪಾಠದ ಹಾಳೆಯನ್ನು ಮರಳಿ ಕೊಟ್ಟು, “ಹಿಂಗ ಇರಲಿ. ಆ ದಿನ ಕಲ್ಲಿಗೂ ಬ್ಯಾಡ, ಪುಸ್ತಕಕ್ಕೂ ಬ್ಯಾಡ. ಅದು ನನಗೂ ಅಣ್ಣಗೂ ಇರಲಿ” ಎಂದರು.

ಹಾವೇರಿ ಮುಟ್ಟುವ ಮೊದಲೇ ಪ್ರಾಧ್ಯಾಪಕರ ಫೋನು ಬಂತು. “ಏನಾತು?”

“ಒಪ್ಪಿದರು. ಕೆತ್ತಿಸಬಹುದು.”

“ದಿನ ಕೇಳ್ಲಿಲ್ಲಾ?”

“ಕೇಳಿದರು. ಹೇಳಿದೆ.”

“ಅಯ್ಯ... ಹೇಳೇಬಿಟ್ರಾ? ಏನಂದ್ರು?”

ಬಸ್ಸು ಮೋಟೆಬೆನ್ನೂರು ದಾಟುತ್ತಿತ್ತು. ಆಕೆಯ ಮಾತು ಇನ್ನೂ ನನ್ನ ಕಿವಿಯಲ್ಲೇ ಇತ್ತು. ಈ ಇಡೀ ಕೆಲಸದಲ್ಲಿ ಪ್ರಾಧ್ಯಾಪಕರಿಗೆ ದಕ್ಕದೆ ನನ್ನೊಬ್ಬನಿಗೇ ಉಳಿದದ್ದು ಅದೊಂದೇ.

“ಏನೂ ಅನ್ನಲಿಲ್ಲ” ಎಂದೆ. “ಚಹಾ ಕೊಟ್ಟರು.”

“ಇಲ್ಲ. ನಿಮಗ ಏನೋ ಹೇಳ್ಯಾರ.”

“ಚಹಾ ಚೆನ್ನಾಗಿತ್ತು” ಎಂದೆ. ಆ ಕಡೆಯಿಂದ ಮಾತು ನಿಂತಿತು, ಫೋನು ಮಾತ್ರ ಹಾಗೆಯೇ ಇತ್ತು. ಮತ್ಸರದ ಆ ಮೌನವನ್ನು ನಾನು ಕೂಡಲೇ ಗುರುತಿಸಿದೆ. ಎಷ್ಟೋ ವರ್ಷ ಅದು ನನ್ನ ಕಡೆಯೇ ಇದ್ದದ್ದು.